ಹೊಡೆಯುವವನ ಪಾತ್ರ ಯಾರಿಗೆ?



ನಮ್ಮ ಬೀದಿನಾಟಕದ ತಾಲೀಮಿನಲ್ಲಿ ಪ್ರತಿ ಸಲವೂ ಒಂದೇ ತಕರಾರು. ಸೊಸೆಯ ಪಾತ್ರಕ್ಕೆ ಮೂವರು ಮುಂದೆ ಬರುತ್ತಾರೆ. ಅತ್ತೆಯ ಪಾತ್ರಕ್ಕೂ ಜನ ಸಿಗುತ್ತಾರೆ. ಹೊಡೆಯುವ ಗಂಡನ ಪಾತ್ರ ಮಾತ್ರ ಯಾರಿಗೂ ಬೇಡ. ಕೊನೆಗೆ ಯಾರಾದರೊಬ್ಬರು ಕಾಡಿಗೆಯಲ್ಲಿ ದಪ್ಪ ಮೀಸೆ ಬರೆದುಕೊಂಡು, ಬಾಟಲಿ ಹಿಡಿದು ತೂರಾಡುತ್ತಾ ಬರುತ್ತಾರೆ. ಜನ ನಗುತ್ತಾರೆ. ಈಚೆಗೆ ನಾಟಕ ಮುಗಿದ ಮೇಲೆ ಸಂಘದ ಅಕ್ಕ ಒಬ್ಬರು ನನ್ನನ್ನು ಪಕ್ಕಕ್ಕೆ ಕರೆದು ಹೇಳಿದರು: "ನಮ್ಮ ಮನೆಯವರು ಕುಡಿಯೋದಿಲ್ಲ ಮೇಡಂ, ಮೀಸೇನೂ ಬಿಟ್ಟಿಲ್ಲ. ಊರಲ್ಲೆಲ್ಲ ಒಳ್ಳೇ ಮನುಷ್ಯ ಅಂತಾರೆ. ಅದಕ್ಕೇ ನಾನು ಹೇಳಿದರೆ ಯಾರೂ ನಂಬೋದಿಲ್ಲ."

ಆ ಮಾತು ನನ್ನನ್ನು ಬಿಡಲಿಲ್ಲ. ಹೊಡೆಯುವವನಿಗೆ ಯಾವ ಮುಖ ಕೊಡಬೇಕು, ಹೊಡೆಸಿಕೊಂಡವಳ ಕಥೆಯನ್ನು ಎಲ್ಲಿಗೆ ಮುಟ್ಟಿಸಬೇಕು ಎಂಬ ಪ್ರಶ್ನೆ ನಮ್ಮದೊಂದೇ ಅಲ್ಲ. ದೂರದ ಅಮೆರಿಕದ ಹಾಡುಗಾರರಿಗೂ ಅದು ಎದುರಾಗಿತ್ತು. ಅಲ್ಲಿನ ಮೂರು ಹಾಡುಗಳ ವಿಡಿಯೋಗಳನ್ನು ನಾವು ಕೆಲವು ಗೆಳತಿಯರು ಕೂತು ನೋಡಿದೆವು. ಅದರ ಬಗ್ಗೆ ನಿಮ್ಮೊಂದಿಗೆ ಮಾತಾಡಬೇಕೆನಿಸಿತು.

ಅಮೆರಿಕದ ದಕ್ಷಿಣ ರಾಜ್ಯಗಳ ಹಳ್ಳಿಗಾಡಿನಲ್ಲಿ ಹುಟ್ಟಿ ಬೆಳೆದ ಹಾಡಿಗೆ 'ಕಂಟ್ರಿ' ಸಂಗೀತ ಎನ್ನುತ್ತಾರೆ. ನಮ್ಮ ಲಾವಣಿ, ಗೀಗೀ ಪದಗಳ ಹಾಗೆ ಅದು ಕಥೆ ಹೇಳುವ ಹಾಡು. ಟಿ.ವಿ. ಬಂದ ಮೇಲೆ ಈ ಕಥೆಗಳನ್ನು ನಟರಿಟ್ಟು ನಾಲ್ಕೈದು ನಿಮಿಷದ ಪುಟ್ಟ ಚಿತ್ರಗಳಾಗಿ ಮಾಡತೊಡಗಿದರು.

1991ರಲ್ಲಿ ಗಾರ್ತ್ ಬ್ರೂಕ್ಸ್ ಎಂಬ ಜನಪ್ರಿಯ ಗಾಯಕನ 'ದಿ ಥಂಡರ್ ರೋಲ್ಸ್' ಹಾಡಿನ ವಿಡಿಯೋ ಬಂತು. ಹಾಡಿನಲ್ಲಿ ಇದ್ದದ್ದು ಇಷ್ಟೇ: ಗುಡುಗು ಮಳೆಯ ರಾತ್ರಿ ಪರಸ್ತ್ರೀಯ ಬಳಿಯಿಂದ ಮನೆಗೆ ಮರಳುವ ಗಂಡ, ಕಾದು ಕೂತ ಹೆಂಡತಿ. ವಿಡಿಯೋ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಪ್ರಶ್ನಿಸಿದ ಹೆಂಡತಿಗೆ ಅವನು ಹೊಡೆಯುತ್ತಾನೆ. ಮಗಳ ಕಡೆಗೂ ತಿರುಗಿದಾಗ ಅವಳು ಪಿಸ್ತೂಲು ಎತ್ತುತ್ತಾಳೆ. ಆ ಗಂಡನ ಪಾತ್ರವನ್ನು ಗಾಯಕನೇ ವಹಿಸಿದ. ಕಂಟ್ರಿ ಹಾಡುಗಳಿಗೆಂದೇ ಇದ್ದ ಟಿಎನ್‌ಎನ್ ಮತ್ತು ಸಿಎಂಟಿ ಚಾನೆಲ್‌ಗಳು ಅದರ ಪ್ರಸಾರ ನಿಲ್ಲಿಸಿದವು. ಮನೆಯೊಳಗೆ ಹೊಡೆತ ಬಿದ್ದಾಗ ಸುಮ್ಮನಿರುವ ಸಮಾಜಕ್ಕೆ, ಅದೇ ಹೊಡೆತ ಪರದೆಯ ಮೇಲೆ ಕಂಡರೆ ಎಷ್ಟು ಮುಜುಗರ ನೋಡಿ! ಆದರೂ ಕಂಟ್ರಿ ಮ್ಯೂಸಿಕ್ ಅಸೋಸಿಯೇಶನ್ ಆ ವರ್ಷದ ಅತ್ಯುತ್ತಮ ವಿಡಿಯೋ ಪ್ರಶಸ್ತಿಯನ್ನು ಅದಕ್ಕೇ ಕೊಟ್ಟಿತು.

ಜನರ ಪ್ರೀತಿಯ ಗಾಯಕ ಹೊಡೆಯುವವನ ಪಾತ್ರ ಒಪ್ಪಿಕೊಂಡದ್ದು ಸಣ್ಣ ಮಾತಲ್ಲ. ಆದರೆ ಅವನು ಸುಳ್ಳು ಕೂದಲು, ಸುಳ್ಳು ಗಡ್ಡ ಹಾಕಿಕೊಂಡಿದ್ದ. ಅದನ್ನು ನೋಡಿದಾಗ ನನಗೆ ನಮ್ಮ ನಾಟಕದ ಕಾಡಿಗೆ ಮೀಸೆ ನೆನಪಾಯಿತು.

1994ರಲ್ಲಿ ಬಂದದ್ದು 'ಇಂಡಿಪೆಂಡೆನ್ಸ್ ಡೇ', ಅಂದರೆ ಸ್ವಾತಂತ್ರ್ಯ ದಿನ. ಬರೆದವರು ಗ್ರೆಚೆನ್ ಪೀಟರ್ಸ್, ಹಾಡಿದವರು ಮಾರ್ಟಿನಾ ಮೆಕ್‌ಬ್ರೈಡ್. ಇಬ್ಬರೂ ಹೆಂಗಸರು. ಇಲ್ಲಿ ಕಥೆ ಹೇಳುವವಳು ಮಗಳು. ಆಗ ಅವಳಿಗೆ ಎಂಟು ವರ್ಷ. ಅಪ್ಪ ಕುಡಿದು ಅಮ್ಮನಿಗೆ ಹೊಡೆಯುತ್ತಾನೆಂದು ಊರಿಗೆಲ್ಲ ಗೊತ್ತು, ಅಡ್ಡ ಬಂದವರು ಯಾರೂ ಇಲ್ಲ. ಜುಲೈ 4ರ ಸ್ವಾತಂತ್ರ್ಯೋತ್ಸವದ ದಿನ ಮಗು ಮೆರವಣಿಗೆ ನೋಡಲು ಹೋಗುತ್ತದೆ. ಅಲ್ಲಿ ವಿದೂಷಕರು ಒಬ್ಬರಿಗೊಬ್ಬರು ಹೊಡೆದು ಜನರನ್ನು ನಗಿಸುತ್ತಿದ್ದರೆ ಆ ಮಗುವಿಗೆ ನಗು ಬರುವುದಿಲ್ಲ. ಮನೆಗೆ ಮರಳುವ ಹೊತ್ತಿಗೆ ಮನೆ ಉರಿಯುತ್ತಿರುತ್ತದೆ. ಅಮ್ಮನೇ ಬೆಂಕಿಯಿಟ್ಟಿದ್ದಾಳೆ. ಮುಂದೆ ಇದೇ ಹಾಡಿನ ಪಲ್ಲವಿಯನ್ನಷ್ಟೇ ಕಿತ್ತುಕೊಂಡು ದೇಶಭಕ್ತಿಯ ಗೀತೆಯಂತೆ ರಾಜಕೀಯ ಸಭೆಗಳಲ್ಲಿ ಮೊಳಗಿಸಿದರು. ಏಟು ತಿಂದ ಆ ತಾಯಿ ಹಾಡಿನಿಂದಲೇ ಮಾಯವಾದಳು!

ಮೂರನೆಯದು 2000ದಲ್ಲಿ ಬಂದ 'ಗುಡ್‌ಬೈ ಅರ್ಲ್'. ಹಾಡಿದ ಮೂವರು ಹೆಣ್ಣುಮಕ್ಕಳ ತಂಡದ ಹೆಸರು ಆಗ ಡಿಕ್ಸಿ ಚಿಕ್ಸ್, 2020ರಿಂದ ದಿ ಚಿಕ್ಸ್. ವಾಂಡಾ ಎಂಬಾಕೆ ಗಂಡ ಅರ್ಲ್‌ನ ಹೊಡೆತ ತಾಳಲಾರದೆ ಕೋರ್ಟಿನಿಂದ ತಡೆ ಆದೇಶ ತರುತ್ತಾಳೆ. ಅವನು ಅದನ್ನು ಲೆಕ್ಕಿಸದೆ ಬಂದು ಅವಳನ್ನು ಆಸ್ಪತ್ರೆಗೆ ಸೇರುವಂತೆ ಬಡಿಯುತ್ತಾನೆ. ಗೆಳತಿ ಮೇರಿ ಆನ್ ಓಡಿ ಬರುತ್ತಾಳೆ. ಇಬ್ಬರೂ ಸೇರಿ ಅವನಿಗೆ ವಿಷವಿಕ್ಕುತ್ತಾರೆ. ವಿಡಿಯೋದಲ್ಲಿ ಇದೆಲ್ಲ ತಮಾಷೆಯ ಧಾಟಿಯಲ್ಲಿದೆ. ಅರ್ಲ್‌ನ ಪಾತ್ರಕ್ಕೆ ಆರಿಸಿದ್ದು ಡೆನಿಸ್ ಫ್ರಾಂಝ್ ಎಂಬ ನಟನನ್ನು. ಟಿ.ವಿ. ಧಾರಾವಾಹಿಯೊಂದರಲ್ಲಿ ಪೊಲೀಸ್ ಅಧಿಕಾರಿಯಾಗಿ ಮನೆಮಾತಾಗಿದ್ದವನು ಅವನು. ಜನ ನಂಬಿದ ಪೊಲೀಸಿನ ಮುಖವೇ ಹೆಂಡತಿಯನ್ನು ಬಡಿಯುವವನ ಮುಖ! ಈ ಆಯ್ಕೆ ನನಗೆ ಹಿಡಿಸಿತು. ನಮ್ಮ ಅಕ್ಕ ಹೇಳಿದ್ದೂ ಇದನ್ನೇ ಅಲ್ಲವೇ?

ಆದರೆ ಗೆಳತಿಯರೇ, ಮೂರೂ ಕಥೆಗಳ ಕೊನೆ ನೋಡಿ. ಪಿಸ್ತೂಲು, ಬೆಂಕಿ, ವಿಷ. ಹೆಣ್ಣಿಗೆ ಬೇರೆ ದಾರಿಯೇ ಇಲ್ಲವೆಂಬಂತೆ. ನೋಡುವಾಗ ಒಳಗೊಳಗೇ ಸಮಾಧಾನವಾಗುತ್ತದೆ, ನನಗೂ ಆಯಿತು. ಮಾರನೆಯ ದಿನದ ಕಥೆ ಏನು? 'ಇಂಡಿಪೆಂಡೆನ್ಸ್ ಡೇ' ಹಾಡಿನ ಮಗು ಅನಾಥಾಲಯದ ಪಾಲಾಗುತ್ತದೆ. ಹಾಡು ಆ ಒಂದು ಸತ್ಯವನ್ನಾದರೂ ಬಚ್ಚಿಡಲಿಲ್ಲ. ಇನ್ನು ಬೆಂಕಿ ಎಂದರೆ ನಮಗೆ ನೆನಪಾಗುವುದೇ ಬೇರೆ. ಇಲ್ಲಿ ಉರಿದವಳು ಸೊಸೆ. "ಸ್ಟೌ ಸಿಡಿದು ಸಾವು" ಎಂದು ಪತ್ರಿಕೆಯ ಮೂಲೆಯಲ್ಲಿ ನಾಲ್ಕು ಸಾಲಿನ ಸುದ್ದಿಯಾಗಿ ಮುಗಿದುಹೋದವಳು ಅವಳು.

ನಮ್ಮ ಕಥೆಗೆ ಬೇರೆ ಕೊನೆ ಬೇಕು. ಅದಕ್ಕೆ ಬೇಕಾದದ್ದು ಸ್ವಲ್ಪವಾದರೂ ನಮ್ಮ ಕೈಯಲ್ಲಿದೆ. 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯಡಿ ರಕ್ಷಣಾ ಆದೇಶ, ಅದೇ ಮನೆಯಲ್ಲಿ ವಾಸಿಸುವ ಹಕ್ಕು, ಜೀವನಾಂಶ ಕೇಳಬಹುದು. ಅರ್ಲ್‌ನಂತೆ ರಕ್ಷಣಾ ಆದೇಶ ಮೀರಿದವನಿಗೆ ಒಂದು ವರ್ಷದವರೆಗೆ ಜೈಲು, ಇಪ್ಪತ್ತು ಸಾವಿರ ರೂಪಾಯಿವರೆಗೆ ದಂಡ ಇದೆ. 498ಎ ಕಲಮಿನ ಅಪರಾಧ 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 85ನೇ ಕಲಮಿನಲ್ಲಿದೆ. ಸಹಾಯವಾಣಿ 181. ಕಾನೂನು ತಾನಾಗಿ ಮನೆಬಾಗಿಲಿಗೆ ಬರುವುದಿಲ್ಲ ನಿಜ. ವಾಂಡಾಳಿಗೆ ಆದೇಶದ ಕಾಗದ ಸಿಕ್ಕಿತ್ತು, ಅದನ್ನು ಕಾಯುವ ಜನ ಸಿಗಲಿಲ್ಲ. ಆ ಜನ ನಾವಾಗಬೇಕು. ಹತ್ತು ಹೆಂಗಸರು ಒಟ್ಟಿಗೆ ಠಾಣೆಗೆ ಹೋದರೆ ಅಲ್ಲಿ ಮಾತಿನ ಧಾಟಿಯೇ ಬದಲಾಗುವುದನ್ನು ನಾವು ಕಂಡಿದ್ದೇವೆ.

ಮುಂದಿನ ನಾಟಕದಲ್ಲಿ ಕಾಡಿಗೆ ಮೀಸೆ ಬೇಡವೆಂದು ತೀರ್ಮಾನಿಸಿದ್ದೇವೆ. ಗಂಡನ ಪಾತ್ರ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಎಲ್ಲರಿಗೂ ನಮಸ್ಕಾರ ಹೇಳುತ್ತಾ, ನಗುನಗುತ್ತಾ ಬರಲಿ. ಪಕ್ಕದ ಮನೆಯವಳ ಪಾತ್ರವೂ ಇರಲಿ. ಗೋಡೆಯಾಚೆ ಸದ್ದು ಕೇಳಿದಾಗ ಅವಳು ಟಿ.ವಿ. ಸದ್ದು ಏರಿಸುತ್ತಾಳೋ, ಎದ್ದು ಹೋಗಿ ಬಾಗಿಲು ತಟ್ಟುತ್ತಾಳೋ? ಆ ದೃಶ್ಯವನ್ನು ಹೇಗೆ ಮುಗಿಸಬೇಕೆಂದು ಈ ವಾರದ ಸಭೆಯಲ್ಲಿ ಉಳಿತಾಯದ ಲೆಕ್ಕ ಮುಗಿದ ಮೇಲೆ ನಿಮ್ಮ ಸಂಘದಲ್ಲಿ ಚರ್ಚಿಸಿ, ನಮಗೆ ಬರೆದು ತಿಳಿಸಿ. ಗಂಡನ ಪಾತ್ರ ವಹಿಸಲು ಈ ಬಾರಿ ನಾನೇ ಒಪ್ಪಿಕೊಂಡಿದ್ದೇನೆ.

– ಸಂಪಾದಕಿ