ಯೋಗ್ಯಕರ್ತವೋ ಸೋಲೊವೋ

ಆಗ್ನೇಯ ಏಷ್ಯಾದ ಪ್ರವಾಸವೆಂದರೆ ನಮ್ಮಲ್ಲಿ ಹೆಚ್ಚಿನವರಿಗೆ ಮೊದಲು ಸಿಂಗಾಪುರ, ಆಮೇಲೆ ಥಾಯ್ಲೆಂಡ್, ಈಗೀಗ ಬಾಲಿ. ಬಾಲಿ ನೋಡಿಬಂದ ಮೇಲೂ ಇಂಡೋನೇಷ್ಯಾದ ಹಂಬಲ ತೀರದವರು ಪಕ್ಕದ ಜಾವಾದತ್ತ ತಿರುಗುತ್ತಾರೆ. ಆಗ ಎದುರಾಗುವ ಪ್ರಶ್ನೆ: ನಡು ಜಾವಾದಲ್ಲಿ ಬಿಡಾರ ಹೂಡುವುದು ಎಲ್ಲಿ, ಯೋಗ್ಯಕರ್ತದಲ್ಲೋ ಸೋಲೊದಲ್ಲೋ? ಎರಡರ ನಡುವೆ ಇರುವುದು ಸುಮಾರು 60 ಕಿಲೋಮೀಟರ್. 2021ರಿಂದ ವಿದ್ಯುತ್ ಲೋಕಲ್ ರೈಲು ಓಡಾಡುತ್ತಿದೆ. ಟಿಕೆಟ್ಟು 8,000 ರುಪಯಾ, ನಮ್ಮ ಲೆಕ್ಕದಲ್ಲಿ ಐವತ್ತು ರೂಪಾಯಿಗೂ ಕಡಿಮೆ. ಪಯಣ ಒಂದು ಗಂಟೆ ಚಿಲ್ಲರೆ.

ಈ ಪ್ರಶ್ನೆಗೆ ಸಿದ್ಧ ಉತ್ತರವೊಂದಿದೆ: ಯೋಗ್ಯಕರ್ತದಲ್ಲಿ ಕೋಣೆ ಹಿಡಿಯಿರಿ, ಒಂದು ದಿನ ಬೆಳಿಗ್ಗೆ ರೈಲು ಹತ್ತಿ ಸೋಲೊ ಮುಗಿಸಿಕೊಂಡು ಬನ್ನಿ. ಈ ಉತ್ತರ ತಪ್ಪು ಎಂಬುದು ನನ್ನ ಖಚಿತ ಅಭಿಪ್ರಾಯ. ಅದು ಸೋಲೊಗೆ ಮಾಡುವ ಅನ್ಯಾಯ ಹಾಗಿರಲಿ, ಸಾಲ ಮಾಡಿಯೋ ರಜೆ ಕೂಡಿಟ್ಟೋ ಅಷ್ಟು ದೂರ ಹೋದ ಪ್ರವಾಸಿಗನಿಗೇ ನಷ್ಟ.

ಮೊದಲು ಪಟ್ಟಿಯ ಮಾತು. ನೋಡುವ ಜಾಗಗಳನ್ನು ಎಣಿಸತೊಡಗಿದರೆ ಗೆಲುವು ಯೋಗ್ಯಕರ್ತದ್ದೇ. ಬೊರೊಬುದುರ್ ಸ್ತೂಪ, ಪ್ರಂಬನನ್ ದೇವಾಲಯ, ಸುಲ್ತಾನರ ಅರಮನೆ, ತಮನ್ ಸಾರಿಯ ಜಲಕ್ರೀಡೆಯ ಕೊಳಗಳು, ಮಾಲಿಯೊಬೊರೊ ಬೀದಿ. ಜೊತೆಗೆ ಊರಿನ ಉತ್ತರ ದಕ್ಷಿಣದ ನೇರ ಗೆರೆಯ ವಿನ್ಯಾಸಕ್ಕೆ 2023ರಲ್ಲಿ ಯುನೆಸ್ಕೋ ಮನ್ನಣೆ. ಸೋಲೊದ ಪಟ್ಟಿಯಲ್ಲಿ ಎರಡು ಅರಮನೆ, ಒಂದಷ್ಟು ಪೇಟೆ, ಊರಾಚೆ ಆದಿಮಾನವನ ಪಳೆಯುಳಿಕೆ ಸಿಕ್ಕ ಸಂಗಿರಾನ್. ಆದರೆ ಯೋಗ್ಯಕರ್ತದ ಪಟ್ಟಿಯನ್ನು ಕೊಂಚ ಬಿಡಿಸಿ ನೋಡಬೇಕು. ಬೊರೊಬುದುರ್ ಯೋಗ್ಯಕರ್ತದಲ್ಲಿಲ್ಲ. ಅದು ಊರಿನಿಂದ 40 ಕಿಲೋಮೀಟರ್ ದೂರದಲ್ಲಿ, ಇನ್ನೊಂದು ಪ್ರಾಂತ್ಯದ ಮಾಗೆಲಾಂಗ್ ಜಿಲ್ಲೆಯಲ್ಲಿದೆ. ಪ್ರಂಬನನ್ ಇರುವುದು ಎರಡು ಪ್ರಾಂತ್ಯಗಳ ಗಡಿಯ ಮೇಲೆ, ಸೋಲೊಗೆ ಹೋಗುವ ದಾರಿಯಲ್ಲಿ. ಆ ಲೋಕಲ್ ರೈಲು ಹತ್ತಿರದಲ್ಲೇ ನಿಲ್ಲುತ್ತದೆ. ಈ ಎರಡು ಮಹಾಸ್ಮಾರಕಗಳನ್ನು ಯೋಗ್ಯಕರ್ತದ ಖಾತೆಯಿಂದ ತೆಗೆದರೆ ಉಳಿಯುವುದು ಹೆಚ್ಚುಕಡಿಮೆ ಸರಿಸಮನಾದ ಎರಡು ಊರು. 2020ರ ಜನಗಣತಿಯಂತೆ ನಗರದ ಎಲ್ಲೆಯೊಳಗಿನ ಜನಸಂಖ್ಯೆಯಲ್ಲಿ ಸೋಲೊವೇ ದೊಡ್ಡದು: ಸುಮಾರು 5.2 ಲಕ್ಷ; ಯೋಗ್ಯಕರ್ತ 3.7 ಲಕ್ಷ. ಅದನ್ನು ಪಕ್ಕದ ಸಣ್ಣ ಊರೆಂದು ಕರೆಯುವುದು ಪ್ರವಾಸದ ಪಟ್ಟಿಗಳಿಂದ ಬಂದ ಅಭ್ಯಾಸ ಅಷ್ಟೇ. ಬೊರೊಬುದುರ್ ಒಂದಕ್ಕಾಗಿಯೇ ಹೋಗುವವರಿಗಂತೂ ಎರಡೂ ಊರು ಬೇಡ. ಸ್ತೂಪದ ಪಕ್ಕದ ಹಳ್ಳಿಯಲ್ಲೇ ಮಲಗಿ ಬೆಳಿಗ್ಗೆ ಮೊದಲಿಗರಾಗಿ ಒಳಗೆ ಹೋಗುವುದು ಲೇಸು.

ಹಾಗಾದರೆ ಆಯ್ಕೆಗೆ ಆಧಾರ ಯಾವುದು? ಇದಕ್ಕೆ ಈ ಊರುಗಳು ಹುಟ್ಟಿದ ಬಗೆಯನ್ನು ನೋಡಬೇಕು. ಮತರಾಮ್ ರಾಜ್ಯದ ರಾಜಧಾನಿ ಕರ್ತಸುರ ದಂಗೆಯಲ್ಲಿ ಹಾಳಾದ ಮೇಲೆ 1745ರಲ್ಲಿ ಅರಸು ಮನೆತನ ಸೋಲೊ ನದಿಯ ದಡಕ್ಕೆ ಬಂದು ನೆಲೆಸಿತು. ಸುರಕರ್ತ ಎಂಬುದು ಆ ಊರಿನ ಅಧಿಕೃತ ಹೆಸರು. ಮುಂದೆ ದಾಯಾದಿ ಕಲಹ, ಡಚ್ ಕಂಪನಿಯ ಕೈವಾಡ. 1755ರ ಫೆಬ್ರವರಿಯಲ್ಲಿ ಗಿಯಾಂತಿ ಒಪ್ಪಂದವಾಗಿ ರಾಜ್ಯ ಎರಡು ಹೋಳಾಯಿತು. ರಾಜಕುಮಾರ ಮಂಗ್ಕುಬುಮಿ ಮೊದಲನೆಯ ಹಮಂಗ್ಕುಬುವೊನೊ ಸುಲ್ತಾನನಾಗಿ ಯೋಗ್ಯಕರ್ತ ಕಟ್ಟಿದ. ಸುರಕರ್ತದಲ್ಲಿ ಅವನ ಅಣ್ಣನ ಮಗ ಮೂರನೆಯ ಪಾಕುಬುವೊನೊ ಉಳಿದ. ರಾಜ್ಯ ಹಂಚಿಕೊಂಡ ಬೆನ್ನಲ್ಲೇ ಸಂಸ್ಕೃತಿಯನ್ನೂ ಹಂಚಿಕೊಳ್ಳುವ ಮಾತಾಯಿತು: ಮತರಾಮಿನ ಹಳೆಯ ಉಡುಗೆ, ಕುಣಿತ, ಗಮೆಲಾನ್ ವಾದ್ಯದ ರೀತಿ ಯೋಗ್ಯಕರ್ತದ ಪಾಲಿಗೆ; ಸುರಕರ್ತ ಹೊಸ ರೀತಿಗಳನ್ನು ರೂಢಿಸಿಕೊಳ್ಳಬೇಕು.

ಲೋಕದಲ್ಲಿ ಅಕ್ಕಪಕ್ಕದ ಊರುಗಳು ತಾವಾಗಿಯೇ ಬೇರೆಯಾಗುವುದುಂಟು. ಇವು ಉದ್ದೇಶಪಟ್ಟು ಬೇರೆಯಾದವು, ಮತ್ತು ಇನ್ನೂರೆಪ್ಪತ್ತು ವರ್ಷ ಆ ಬೇರೆತನವನ್ನು ಶ್ರದ್ಧೆಯಿಂದ ಕಾಪಾಡಿಕೊಂಡು ಬಂದವು. ಯೋಗ್ಯಕರ್ತದ ಬಾಟಿಕ್ ಬಟ್ಟೆಯಲ್ಲಿ ನೆಲ ಅಚ್ಚ ಬಿಳಿ, ಅದರ ಮೇಲೆ ನೀಲಿ ಕಂದು ಢಾಳಾಗಿ ನಿಲ್ಲುತ್ತವೆ. ಸೋಲೊದ್ದರಲ್ಲಿ ಸೋಗ ಮರದ ತೊಗಟೆಯ ಬಣ್ಣದಿಂದ ಬಂದ ಬೆಚ್ಚನೆಯ ಕಂದು, ಕೆನೆಬಣ್ಣದ ನೆಲ. ಗೆರೆಗಳೂ ಒಂದರೊಳಗೊಂದು ಕರಗಿದಂತೆ. ಗಂಡಸರು ತಲೆಗೆ ಕಟ್ಟುವ ಬ್ಲಾಂಗ್ಕೋನ್ ರುಮಾಲಿನ ಹಿಂಬದಿ ಯೋಗ್ಯಕರ್ತದಲ್ಲಿ ಗಂಟಿನಂತೆ ಉಬ್ಬಿರುತ್ತದೆ, ಸೋಲೊದಲ್ಲಿ ಚಪ್ಪಟೆ. ಯೋಗ್ಯಕರ್ತದ ಗಮೆಲಾನ್ ಗಟ್ಟಿ ಪೆಟ್ಟಿನದು, ಕುಣಿತದ ನಿಲುವು ಬಿಗಿ. ಸೋಲೊದಲ್ಲಿ ನಾದ ಹರಿಯುತ್ತ ಹೋಗುತ್ತದೆ, ಕುಣಿಯುವವರ ಕೈ ಗಾಳಿಯಲ್ಲಿ ತೇಲಿ ಇಳಿಯುತ್ತದೆ.

ಇಂಥ ವ್ಯತ್ಯಾಸ ಒಂದೊಂದು ಹಗಲಿನ ನೋಟಕ್ಕೆ ದಕ್ಕುವುದಿಲ್ಲ. ಯಕ್ಷಗಾನವನ್ನೇ ಕಾಣದವರಿಗೆ ಒಂದು ಸಂಜೆ ಬಡಗುತಿಟ್ಟು, ಮರುದಿನ ತೆಂಕುತಿಟ್ಟು ತೋರಿಸಿದರೆ ಅವರಿಗೆ ಎರಡರಲ್ಲೂ ಕಾಣುವುದು ಬಣ್ಣ, ಕಿರೀಟ, ಚಂಡೆಯ ಸದ್ದು ಅಷ್ಟೇ. ಒಂದು ತಿಟ್ಟಿನಲ್ಲಿ ಹತ್ತು ಆಟ ನೋಡಿ ಪಳಗಿದವರಿಗೆ ಇನ್ನೊಂದರ ಮೊದಲ ಹೆಜ್ಜೆಯಲ್ಲೇ ಬೇರೆತನ ಗೊತ್ತಾಗುತ್ತದೆ. ಅಂದರೆ ಎರಡನ್ನೂ ನೋಡಬೇಕೆಂಬ ಆಸೆ ಇರುವವರೇ ಮೊದಲು ಒಂದರಲ್ಲಿ ನಿಲ್ಲಬೇಕು. ಎರಡು ಊರನ್ನೂ ಎರಡೆರಡು ದಿನ ಮುಟ್ಟಿ ಬರುವುದರಿಂದ ನ್ಯಾಯವಾಗಿ ಹಂಚಿದ ಸಮಾಧಾನ ಸಿಗಬಹುದು; ಕಣ್ಣಿಗೆ ಸಿಗುವುದು ಒಂದೇ ಜಾವಾದ ಎರಡು ಪ್ರತಿ.

ಕಳೆದ ಶತಮಾನದ ರಾಜಕೀಯ ಈ ಅಂತರವನ್ನು ಇನ್ನಷ್ಟು ಹೆಚ್ಚಿಸಿತು. ಡಚ್ಚರ ವಿರುದ್ಧದ ಸ್ವಾತಂತ್ರ್ಯ ಹೋರಾಟದಲ್ಲಿ ಒಂಬತ್ತನೆಯ ಹಮಂಗ್ಕುಬುವೊನೊ ಗಣರಾಜ್ಯದ ಬೆನ್ನಿಗೆ ನಿಂತ. 1946ರಿಂದ 1949ರವರೆಗೆ ಯೋಗ್ಯಕರ್ತವೇ ದೇಶದ ರಾಜಧಾನಿಯಾಯಿತು. 1949ರಲ್ಲಿ ಹುಟ್ಟಿದ ಗಜಮದ ವಿಶ್ವವಿದ್ಯಾಲಯದ ಮೊದಮೊದಲ ತರಗತಿಗಳು ನಡೆದದ್ದು ಅರಮನೆಯ ಚಾವಡಿಯಲ್ಲೇ. ಇಂದಿಗೂ ಅಲ್ಲಿ ಸುಲ್ತಾನರೇ ಗವರ್ನರ್, ಚುನಾವಣೆಯಿಲ್ಲ. 2012ರ ಕಾನೂನು ಅದನ್ನು ಖಾಯಂ ಮಾಡಿತು. ವಿದ್ಯಾರ್ಥಿಗಳು, ಚಿತ್ರಕಾರರು, ಪುಸ್ತಕ ಪ್ರಕಾಶಕರು ತುಂಬಿದ ತರುಣರ ಊರು ಅದು. ಸೋಲೊದಲ್ಲಿ ಅರಸರ ವಿರುದ್ಧ ಜನ ತಿರುಗಿಬಿದ್ದರು, 1946ರಲ್ಲಿ ವಿಶೇಷ ಸ್ಥಾನಮಾನ ಹೋಯಿತು. ಅರಮನೆ ಅಧಿಕಾರವಿಲ್ಲದ ಮನೆಯಾಗಿ ಉಳಿಯಿತು. 1985ರಲ್ಲಿ ಬೆಂಕಿಗೆ ಅದರ ಮುಖ್ಯ ಭಾಗಗಳು ಸುಟ್ಟುಹೋದವು. ಊರನ್ನು ಹಿಡಿದು ನಿಲ್ಲಿಸಿದವರು ವ್ಯಾಪಾರಿಗಳು. ಲಾವೆಯಾನ್ ಬಡಾವಣೆಯ ಎತ್ತರದ ಗೋಡೆಗಳ ಹಿಂದೆ ಬಾಟಿಕ್ ವಹಿವಾಟು ನಡೆಸಿದ ಮನೆಗಳಿವೆ, ಅವುಗಳ ಲೆಕ್ಕಪತ್ರ ಬಹುಪಾಲು ಹೆಂಗಸರ ಕೈಯಲ್ಲಿತ್ತು. ಅಲ್ಲಿನ ಬಾಟಿಕ್ ವ್ಯಾಪಾರಿ ಸಮನ್ಹುದಿಯ ಮುಂದಾಳುತನದಲ್ಲಿ ಕಟ್ಟಿದ ವರ್ತಕರ ಸಂಘದಿಂದಲೇ ಇಂಡೋನೇಷ್ಯಾದ ಮೊದಲ ದೊಡ್ಡ ಜನಾಂದೋಲನ ಬೆಳೆಯಿತು. ಡಚ್ ವಾಸ್ತುಶಿಲ್ಪಿ ಥಾಮಸ್ ಕಾರ್ಸ್ಟೆನ್ 1930ರಲ್ಲಿ ಕಟ್ಟಿಕೊಟ್ಟ ಪಸಾರ್ ಗೆದೆ ಮಾರುಕಟ್ಟೆಯಲ್ಲಿ ಇಂದೂ ಬೆಳಗಿನ ತರಕಾರಿ ವ್ಯಾಪಾರ ಜೋರು. ಮುಂದೆ ರಾಷ್ಟ್ರಾಧ್ಯಕ್ಷರಾದ ಜೋಕೊ ವಿಡೊಡೊ 2005ರಿಂದ 2012ರವರೆಗೆ ಮೇಯರಾಗಿದ್ದದ್ದು ಈ ಊರಿಗೆ.

ನನ್ನ ವಾದದ ತಿರುಳು ಈಗ. ಊರನ್ನು ಆರಿಸುವಾಗ ಕೇಳಬೇಕಾದ ಪ್ರಶ್ನೆ ಹಗಲು ಏನು ನೋಡುತ್ತೇವೆ ಎಂಬುದಲ್ಲ, ಸಂಜೆ ಎಲ್ಲಿ ಕೂರುತ್ತೇವೆ ಎಂಬುದು. ಕಲ್ಲಿನ ಗುಡಿ ಹಗಲು ಹೋಗಿಬಂದರೂ ದಕ್ಕುತ್ತದೆ. ಊರಿನ ಬದುಕು ಹಾಗಲ್ಲ. ಸೋಲೊಗೆ ಹಗಲು ಹೋದವರು ಹತ್ತು ಗಂಟೆಯ ಬಿಸಿಲಿಗೆ ಇಳಿಯುತ್ತಾರೆ, ಅರಮನೆ ನೋಡುತ್ತಾರೆ, ಮಧ್ಯಾಹ್ನದ ಸೆಕೆಯಲ್ಲಿ ಪಸಾರ್ ಕ್ಲೆವೆರ್‌ನಲ್ಲಿ ಬಟ್ಟೆ ಕೊಳ್ಳುತ್ತಾರೆ, ಐದಕ್ಕೆ ರೈಲು ಹತ್ತುತ್ತಾರೆ. ಅಲ್ಲೇನೂ ಇಲ್ಲ ಎಂದು ಹೇಳುವವರು ಇವರೇ. ಅವರು ಬಿಟ್ಟುಬಂದದ್ದು ರಾತ್ರಿ ಎಂಟಕ್ಕೆ ಶುರುವಾಗುವಂಥದ್ದು.

ಶ್ರೀವೆದಾರಿ ಉದ್ಯಾನದ ರಂಗಮಂದಿರದಲ್ಲಿ 1910ರ ಸುಮಾರಿಗೆ ಆರಂಭವಾದ ವಾಯಾಂಗ್ ಓರಾಂಗ್ ತಂಡವಿದೆ. ಗೊಂಬೆಯ ಬದಲು ಮನುಷ್ಯರೇ ಕುಣಿದು ಆಡುವ ಆಟ ಅದು. ಭಾನುವಾರ ಬಿಟ್ಟು ವಾರವಿಡೀ ಪ್ರದರ್ಶನ, ನಡೆಸುವುದು ನಗರಾಡಳಿತ, ಟಿಕೆಟ್ಟಿನ ಬೆಲೆ ಅತ್ಯಲ್ಪ. ಕಥೆ ಬಹುತೇಕ ಮಹಾಭಾರತದ್ದು. ಕನ್ನಡ ಪ್ರೇಕ್ಷಕರಿಗೆ ಜಾವಾ ಭಾಷೆ ಬಾರದಿದ್ದರೂ ಅರ್ಜುನ ಬಂದಾಗ ಅರ್ಜುನ ಎಂದು ಗೊತ್ತಾಗುತ್ತದೆ, ಘಟೋತ್ಕಚ ನೆಲ ನಡುಗಿಸಿದಾಗ ಮೈ ಜುಮ್ಮೆನ್ನುತ್ತದೆ. ಅಷ್ಟರಲ್ಲೇ ಗುರುತು ಕೈಬಿಡುತ್ತದೆ. ಇಲ್ಲಿ ದ್ರೌಪದಿ ಧರ್ಮರಾಯನೊಬ್ಬನ ಹೆಂಡತಿ. ಶಿಖಂಡಿ ಇಲ್ಲಿ ಬಿಲ್ಲು ಹಿಡಿದ ವೀರ ಹೆಣ್ಣು, ಅರ್ಜುನನ ಮಡದಿ. ನಡುವೆ ಸೆಮಾರ್ ಮತ್ತವನ ಮಕ್ಕಳು ಬಂದು ಇಂದಿನ ಬೆಲೆ, ಇಂದಿನ ರಾಜಕಾರಣ ಮಾತಾಡಿ ನಗಿಸುತ್ತಾರೆ. ವ್ಯಾಸರಲ್ಲಿ ಇವರಿಲ್ಲ, ನಮ್ಮ ಬಯಲಾಟದ ಹಾಸ್ಯಗಾರನನ್ನು ಬಲ್ಲವರಿಗೆ ಮಾತ್ರ ಇವರ ಕೆಲಸವೇನೆಂದು ಯಾರೂ ಹೇಳಿಕೊಡಬೇಕಿಲ್ಲ. ಆಡುವವರೂ ನೋಡುವವರೂ ಬಹುಪಾಲು ಮುಸ್ಲಿಮರು. ಪ್ರಂಬನನ್ ಎದುರಿನ ಬಯಲಲ್ಲಿ 1961ರಿಂದ ನಡೆಯುತ್ತಿರುವ ರಾಮಾಯಣ ನೃತ್ಯರೂಪಕವೂ ಬೆಡಗಿನದೇ, ಬೆಳಗಿದ ಗೋಪುರಗಳ ಹಿನ್ನೆಲೆಯಲ್ಲಿ ಮಾತಿಲ್ಲದೆ ನಡೆಯುವ ಆ ಆಟ ಯಾರನ್ನಾದರೂ ಸೆಳೆಯುತ್ತದೆ. ಆದರೆ ಅದು ಬಂದವರಿಗಾಗಿ ಕಟ್ಟಿದ್ದು. ಶ್ರೀವೆದಾರಿಯಲ್ಲಿ ಊರು ತನಗಾಗಿ ಆಡಿಕೊಳ್ಳುತ್ತದೆ, ನಾವು ಹೋದರೆ ಒಂದು ಕುರ್ಚಿ ಸಿಗುತ್ತದೆ.

ಭಾರತೀಯರು ಜಾವಾಕ್ಕೆ ಹೋದಾಗ ನಮ್ಮದೇ ರಾಮಾಯಣ, ನಮ್ಮದೇ ಗುಡಿ ಎಂಬ ಹೆಮ್ಮೆ ಸುಲಭವಾಗಿ ಬರುತ್ತದೆ. ಈ ಎರಡೂ ಊರಿನ ಅರಮನೆಗಳೊಡನೆ ನಮಗೆ ಇನ್ನೊಂದು ಋಣವಿದೆ, ಅದನ್ನೂ ನೆನೆಯಬೇಕು. 1812ರ ಜೂನ್‌ನಲ್ಲಿ ರಾಫಲ್ಸ್‌ನ ಆಳ್ವಿಕೆಯಲ್ಲಿ ಬ್ರಿಟಿಷರು ಯೋಗ್ಯಕರ್ತದ ಅರಮನೆಗೆ ಲಗ್ಗೆಯಿಟ್ಟಾಗ ಆ ಸೈನ್ಯದಲ್ಲಿ ಬಂಗಾಳದ ಸಿಪಾಯಿಗಳಿದ್ದರು. ಅಂದು ಅರಮನೆಯ ಗ್ರಂಥಭಂಡಾರ ಲೂಟಿಯಾಯಿತು. ಅದರಲ್ಲಿ 75 ಹಸ್ತಪ್ರತಿಗಳ ಡಿಜಿಟಲ್ ಪ್ರತಿಗಳು 2019ರಲ್ಲಿ ಬ್ರಿಟಿಷ್ ಲೈಬ್ರರಿಯಿಂದ ಯೋಗ್ಯಕರ್ತಕ್ಕೆ ಸಿಕ್ಕವು, ಮೂಲ ಪ್ರತಿಗಳು ಲಂಡನ್ನಿನಲ್ಲೇ ಇವೆ. ಸೋಲೊದಲ್ಲಿ ಕಥೆ ಬೇರೆ. ಅಲ್ಲಿ ಕಾವಲಿದ್ದ ಬಂಗಾಳದ ಸಿಪಾಯಿಗಳು ಅರಸ ನಾಲ್ಕನೆಯ ಪಾಕುಬುವೊನೊನ ಅರಮನೆಯೊಡನೆ ಬಳಕೆ ಬೆಳೆಸಿ, 1815ರಲ್ಲಿ ತಮ್ಮ ಬ್ರಿಟಿಷ್ ಅಧಿಕಾರಿಗಳ ವಿರುದ್ಧವೇ ಸಂಚು ಹೂಡಿದರು. ಅದು ಬಯಲಾಗಿ ಮುಂದಾಳುಗಳಿಗೆ ಮರಣದಂಡನೆಯಾಯಿತು. ಮೀರತ್ತಿನ ದಂಗೆಗೆ ನಲವತ್ತೆರಡು ವರ್ಷ ಮೊದಲು ನಡೆದ ಈ ಪ್ರಸಂಗ ನಮ್ಮ ಪಠ್ಯಪುಸ್ತಕಗಳಲ್ಲಿ ಇರಬೇಕಿತ್ತು.

ಜನ ಕಡಿಮೆ ಹೋಗುವ ಊರೇ ಶ್ರೇಷ್ಠ ಎಂಬ ನಂಬಿಕೆಯಿಂದ ಸೋಲೊ ಪರ ವಕಾಲತ್ತು ವಹಿಸುವವರಿದ್ದಾರೆ. ನಾನು ಅವರ ಜೊತೆಗಿಲ್ಲ. ಜಂಗುಳಿ ಇಲ್ಲದಿರುವುದು ಗುಣವೇ ಅಲ್ಲ. ಇಂದಿನ ಚಿತ್ರಕಲೆ, ತರುಣರ ಹರಟೆ, ಮೆರಾಪಿ ಜ್ವಾಲಾಮುಖಿಯ ಇಳಿಜಾರು ಯಾರಿಗೆ ಬೇಕೋ ಅವರು ಯೋಗ್ಯಕರ್ತದಲ್ಲೇ ಉಳಿಯಲಿ, ಸೋಲೊಗೆ ಹೋಗುವ ಹಗಲನ್ನೂ ಅಲ್ಲೇ ಕಳೆಯಲಿ. ಅಂಗ್ಕ್ರಿಂಗಾನ್ ತಳ್ಳುಗಾಡಿಯ ಪಕ್ಕ ಚಾಪೆಯ ಮೇಲೆ ಕೂತು ವಿದ್ಯಾರ್ಥಿಗಳೊಡನೆ ಮಾತಿಗಿಳಿಯುವ ಸಂಜೆ ಸಣ್ಣದೇನಲ್ಲ. ವಯಸ್ಸಾದ ಅಪ್ಪ ಅಮ್ಮನನ್ನು ಕರೆದೊಯ್ಯುವವರಿಗೂ ಹೋಟೆಲು, ವಾಹನದ ಅನುಕೂಲ ಅಲ್ಲೇ ಹೆಚ್ಚು. ಊಟದ ವಿಷಯದಲ್ಲಿ ಎರಡೂ ಊರು ಸಸ್ಯಾಹಾರಿಗಳಿಗೆ ಒಂದೇ: ತೆಂಪೆ, ತೋಫು ಎಲ್ಲೆಡೆ ಸಿಗುತ್ತವೆ. ಎಳೆ ಹಲಸಿನಕಾಯಿಯನ್ನು ತೆಂಗಿನಹಾಲು, ಬೆಲ್ಲದಲ್ಲಿ ಗಂಟೆಗಟ್ಟಲೆ ಬೇಯಿಸಿದ ಯೋಗ್ಯಕರ್ತದ ಗುದೆಗ್ ಮಲೆನಾಡಿನವರ ನಾಲಿಗೆಗೆ ಹತ್ತಿರ, ಆದರೆ ಅದರ ಜೊತೆ ದನದ ಚರ್ಮದ ಪಲ್ಯ ಬಡಿಸುವ ರೂಢಿಯಿದೆ. ಚಟ್ನಿಯಲ್ಲಿ ಸಿಗಡಿ ಇದೆಯೇ ಎಂದು ಕೇಳಿಯೇ ತಿನ್ನಬೇಕು.

ನಾಲ್ಕು ರಾತ್ರಿಗಳ ಬಿಡುವಿದ್ದು, ಕುಣಿತ, ಹಾಡು, ನೇಯ್ಗೆ, ಬಣ್ಣಗಳಲ್ಲಿ ಮನಸ್ಸಿರುವವರು ಮೂರು ರಾತ್ರಿ ಸೋಲೊದಲ್ಲಿರಲಿ. ಒಂದು ಹಗಲು ಲೋಕಲ್ ರೈಲಿನಲ್ಲಿ ಪ್ರಂಬನನ್ ನೋಡಿಕೊಂಡು ಸಂಜೆಯೊಳಗೆ ಮರಳಬಹುದು. ಸೋಲೊದಿಂದ ಗುಡಿಗೆ ಹೋಗಿಬರಲು ಒಂದು ಹಗಲು ಸಾಕು, ಯೋಗ್ಯಕರ್ತದಿಂದ ಸೋಲೊ ನೋಡಿಬರಲು ಸಾಲದು. ಕೊನೆಯ ರಾತ್ರಿ ಬೊರೊಬುದುರ್ ಪಕ್ಕದ ಹಳ್ಳಿಯಲ್ಲಿ. ಮೇಲೆ ಹತ್ತಲು ದಿನಕ್ಕೆ ಇಷ್ಟೇ ಜನ ಎಂಬ ಮಿತಿ ಇರುವುದರಿಂದ ಟಿಕೆಟ್ಟು ಮುಂಚೆಯೇ ಕೊಳ್ಳಬೇಕು. ಯೋಗ್ಯಕರ್ತದ ಹೊಸ ವಿಮಾನ ನಿಲ್ದಾಣ ಊರಿನ ಪಶ್ಚಿಮಕ್ಕೆ ಕುಲೊನ್ ಪ್ರೊಗೊದಲ್ಲಿದೆ, ಹಳ್ಳಿಯಿಂದ ನೇರ ಅಲ್ಲಿಗೇ ಹೋಗಬಹುದು. ರಂಜಾನ್ ತಿಂಗಳಲ್ಲಿ ಪ್ರದರ್ಶನಗಳ ವೇಳಾಪಟ್ಟಿ ಬದಲಾಗುತ್ತದೆ. ಶ್ರೀವೆದಾರಿಯ ಕುರ್ಚಿಗಾಗಿಯೇ ಹೋಗುವವರು ಆ ತಿಂಗಳನ್ನು ಬಿಟ್ಟು ವಿಮಾನದ ಟಿಕೆಟ್ ಮಾಡಿಸಲಿ.