ಹವ್ಯಾಸದ ಗಾಳಕ್ಕೂ ಲೆಕ್ಕ ಬೇಕು

ಓಡುವ ದೋಣಿಯ ಹಿಂದೆ ನೂಲು ಬಿಟ್ಟು, ಅದರ ತುದಿಯಲ್ಲಿ ಮಿನುಗುವ ಹುಸಿಮೀನನ್ನು ಎಳೆದುಕೊಂಡು ಹೋಗಿ ಅಂಜಲ್, ಕೇದರ್‌ನಂಥ ಬೇಟೆಮೀನುಗಳನ್ನು ಹಿಡಿಯುವ ವಿದ್ಯೆ ಅರಬ್ಬಿ ಸಮುದ್ರದ ಮೀನುಗಾರರಿಗೆ ಹೊಸದಲ್ಲ. ಟ್ರೋಲಿಂಗ್ ಎಂದು ಕರೆಯುವ ಈ ಗಾಳದ ಕ್ರಮದಿಂದ ಲಕ್ಷದ್ವೀಪದಲ್ಲಿ ಇಂದಿಗೂ ಜನ ಜೀವನ ನಡೆಸುತ್ತಾರೆ. ಹೊಸದಾಗಿರುವುದು ಹಿಡಿಯುವ ಕೈ. ಆನ್‌ಲೈನ್‌ನಲ್ಲಿ ರಾಡು, ರೀಲು ತರಿಸಿಕೊಂಡು, ವಾರಾಂತ್ಯಕ್ಕೆ ಮಂಗಳೂರು, ಮಲ್ಪೆ, ಮುರುಡೇಶ್ವರಗಳ ಕಡೆ ಬಂದು, ದೋಣಿ ಗೊತ್ತುಮಾಡಿ ಕಡಲಿಗಿಳಿಯುವ ಹವ್ಯಾಸಿಗಳನ್ನು ಈಗ ಕಾಣಬಹುದು. ಇವರನ್ನು ತಡೆಯಬೇಕೆಂದು ಕೆಲವರು, ಇವರ ಪಾಡಿಗೆ ಬಿಡಬೇಕೆಂದು ಇನ್ನು ಕೆಲವರು ಹೇಳುತ್ತಾರೆ. ಎರಡೂ ಸರಿಯಲ್ಲ. ಹೊಸಬರಿಗೆ ಕಡಲು ತೆರೆದಿರಲಿ. ಆದರೆ ಅವರು ಹೋಗುವುದು ಸ್ಥಳೀಯ ಮೀನುಗಾರನ ದೋಣಿಯಲ್ಲಿ, ಅವನ ಮಾತಿನಂತೆ, ಎಷ್ಟು ಹಿಡಿದೆವು ಎಂಬ ಲೆಕ್ಕ ಒಪ್ಪಿಸುವ ಷರತ್ತಿನ ಮೇಲೆ ಆಗಬೇಕು. ಈ ನಿಯಮವನ್ನು ಹವ್ಯಾಸ ಚಿಕ್ಕದಾಗಿರುವಾಗಲೇ ಮಾಡುವುದು ಜಾಣತನ.

ನೋಡುವುದಕ್ಕೆ ಈ ಕ್ರಮ ಬಹಳ ಸುಲಭ. 5ರಿಂದ 7 ನಾಟ್ ವೇಗದಲ್ಲಿ ದೋಣಿ ಸಾಗುತ್ತಿದ್ದರೆ ಹುಸಿಮೀನು ತಾನಾಗಿಯೇ ಈಜಿದಂತೆ ಕಾಣುತ್ತದೆ. ಹಸಿದ ಅಂಜಲ್ ತಾನಾಗಿಯೇ ಬಂದು ಕಚ್ಚುತ್ತದೆ. ಆದರೆ ಎಲ್ಲಿ ಸಾಗಬೇಕು, ಎಲ್ಲಿ ಸಾಗಬಾರದು ಎಂಬುದು ರಾಡಿನ ಜೊತೆಗೆ ಬರುವ ಕೈಪಿಡಿಯಲ್ಲಿ ಇರುವುದಿಲ್ಲ. ಬಂಗುಡೆಯ ಹಿಂಡು ಎಲ್ಲಿ ಮೇಲೆದ್ದಿದೆ, ಹೊಳೆಯ ಕೆಂಪು ನೀರು ಮುಗಿದು ತಿಳಿನೀರು ಎಲ್ಲಿ ಶುರುವಾಗುತ್ತದೆ, ನೀರಡಿಯ ಕಲ್ಲು ಯಾವ ದಿಕ್ಕಿಗಿದೆ ಎಂಬುದು ದೋಣಿ ನಡೆಸುವ ತಂಡೇಲನಿಗೆ ಗೊತ್ತು. ಅದಕ್ಕಿಂತ ಮುಖ್ಯವಾಗಿ, ಯಾರ ಬಲೆ ಎಲ್ಲಿ ತೇಲುತ್ತಿದೆ ಎಂಬುದೂ ಅವನಿಗೆ ಗೊತ್ತು. ಅದೇ ಅಂಜಲಿಗಾಗಿ ನಾಡದೋಣಿಯವರು ಬಿಟ್ಟ ಬಲೆಯ ಮೇಲೆ ಹೊಸಬನೊಬ್ಬ ಮುಮ್ಮೊನೆ ಗಾಳಗಳನ್ನು ಎಳೆದುಕೊಂಡು ಹೋದರೆ ಅವನಿಗೆ ನಷ್ಟವಾಗುವುದು ಒಂದು ಹುಸಿಮೀನು. ಬಲೆಯವನಿಗೆ ಒಂದು ದಿನದ ದುಡಿಮೆ, ಜೊತೆಗೆ ಬಲೆ ನೇಯುವ ಖರ್ಚು. ನೇತ್ರಾಣಿಯ ಹವಳದ ದಂಡೆಯ ಸುತ್ತ ನೀರೊಳಗೆ ಮುಳುಗುಗಾರರು ಇರುವಾಗ ಗಾಳ ಎಳೆಯುವುದು ಇನ್ನೊಂದು ಬಗೆಯ ಅಪಾಯ. ಅಳಿವೆಯ ಮಾತಂತೂ ಹೇಳುವುದೇ ಬೇಡ. ಮರಳುದಿಬ್ಬದ ಮೇಲೆ ಅಲೆ ಒಡೆಯುವ ಅಳಿವೆಬಾಯಿಗಳಲ್ಲಿ ಅನುಭವಸ್ಥರ ದೋಣಿಗಳೇ ಮಗುಚಿವೆ. ಸ್ಥಳೀಯನ ಜೊತೆಗೇ ಹೋಗಬೇಕು ಎಂಬ ಷರತ್ತು ಮೊದಲು ಕಾಯುವುದು ಹೊಸಬನ ಜೀವವನ್ನು. ಮೀನಿನ ಮಾತು ಆಮೇಲಿನದು.

ಇದಕ್ಕೆ ಬರುವ ಮೊದಲ ಆಕ್ಷೇಪ ಗಟ್ಟಿಯಾಗಿಯೇ ಇದೆ. ಟ್ರಾಲ್ ಬೋಟುಗಳು ಸಮುದ್ರದ ತಳವನ್ನೇ ಗುಡಿಸುತ್ತಿರುವಾಗ, ಕೇಂದ್ರ ಸರ್ಕಾರ 2017ರಲ್ಲೇ ನಿಷೇಧಿಸಿದ ಬುಲ್ ಟ್ರಾಲಿಂಗ್ (ಎರಡು ಬೋಟುಗಳು ಸೇರಿ ಒಂದೇ ಬಲೆ ಎಳೆಯುವುದು) ಮತ್ತು ಬೆಳಕು ಮೀನುಗಾರಿಕೆಯ ಬಗ್ಗೆ ನಾಡದೋಣಿಯವರ ದೂರು ಇನ್ನೂ ನಿಂತಿಲ್ಲದಿರುವಾಗ, ಎರಡು ರಾಡು ಹಿಡಿದವನ ಮೇಲೆ ನಿಯಮ ಹೇರುವುದು ಆನೆಯನ್ನು ಬಿಟ್ಟು ಇರುವೆಯನ್ನು ಹಿಡಿದಂತಲ್ಲವೇ? ಕರ್ನಾಟಕದ ಇಂದಿನ ಸ್ಥಿತಿಗೆ ಇದು ಬಹುಪಾಲು ನಿಜ. ಆದರೆ ಗಾಳದಿಂದ ಮೀನು ಬರಿದಾಗುವುದಿಲ್ಲ ಎಂಬ ನಂಬಿಕೆ ನಿಜವಲ್ಲ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ರಾಜ್ಯದ ಪೂರ್ವ ಕರಾವಳಿಯಲ್ಲಿ ನಮ್ಮ ದೊಡ್ಡ ಅಂಜಲಿನದೇ ಜಾತಿಯ ಮೀನನ್ನು ಸ್ಪ್ಯಾನಿಷ್ ಮ್ಯಾಕರೆಲ್ ಎಂದು ಹಿಡಿಯುತ್ತಾರೆ. ಅಲ್ಲಿನ ವೃತ್ತಿ ಮೀನುಗಾರರೂ ಈ ಮೀನನ್ನು ಮುಖ್ಯವಾಗಿ ಹಿಡಿಯುವುದು ಬಲೆಯಲ್ಲಿ ಅಲ್ಲ, ದೋಣಿಯ ಹಿಂದೆ ಎಳೆಯುವ ಗಾಳದಲ್ಲಿ. ಹವ್ಯಾಸಿಗಳದೂ ಅದೇ ದಾರಿ. 2021ರ ಮೌಲ್ಯಮಾಪನದಲ್ಲಿ ಆ ಸಂತತಿ ಮೀನುಗಾರಿಕೆ ಶುರುವಾಗುವ ಮೊದಲು ಇದ್ದುದರ ಶೇ 17ರಷ್ಟಕ್ಕೆ ಇಳಿದಿದೆ ಎಂದು ಅಂದಾಜಾಯಿತು. ಈ ಅಂದಾಜನ್ನು ಅಲ್ಲಿನ ಕೆಲವು ಮೀನುಗಾರರು ಒಪ್ಪಲಿಲ್ಲ. ಆದರೂ 2023ರ ಹೊತ್ತಿಗೆ ವೃತ್ತಿಯವರ ಕೋಟಾವನ್ನು ಕತ್ತರಿಸಿ, ಹವ್ಯಾಸಿಯೊಬ್ಬ ಇಟ್ಟುಕೊಳ್ಳಬಹುದಾದ ಮೀನನ್ನು ಮೂರರಿಂದ ಒಂದಕ್ಕೆ ಇಳಿಸಿ, ಮೊಟ್ಟೆಯಿಡಲು ಮೀನು ಗುಂಪುಗೂಡುವ ಕಾಲಕ್ಕೆ ಬೀಗ ಹಾಕಬೇಕಾಯಿತು. ಈ ಮೀನು ವರ್ಷವರ್ಷವೂ ಗೊತ್ತಾದ ಜಾಗದಲ್ಲಿ, ಗೊತ್ತಾದ ಕಾಲದಲ್ಲಿ ಸೇರುತ್ತದೆ. ಗುಟ್ಟು ತಿಳಿದವರಿಗೆ ಗಾಳವೇ ಸಾಕು.

ಎರಡನೆಯ ಆಕ್ಷೇಪ ಹವ್ಯಾಸಿಗಳಿಂದಲೇ ಬರುತ್ತದೆ: ನಾವು ಹಿಡಿದು ಬಿಡುತ್ತೇವೆ, ತಿನ್ನುವುದಿಲ್ಲ, ಮಾರುವುದಿಲ್ಲ; ನಮ್ಮಿಂದೇನು ಹಾನಿ? ಉದ್ದೇಶ ಒಳ್ಳೆಯದೇ. ಆದರೆ ಬಿಟ್ಟ ಮೀನೆಲ್ಲ ಬದುಕುವುದಿಲ್ಲ. ಅಂಜಲ್, ಕೇದರ್‌ನಂಥವು ಈಜುತ್ತಾ ಇದ್ದರಷ್ಟೇ ಕಿವಿರಿಗೆ ಸಾಕಷ್ಟು ನೀರು ಹರಿದು ಉಸಿರಾಡುವ ಮೀನುಗಳು. ತೆಳು ನೂಲಿನಲ್ಲಿ ಅರ್ಧ ಗಂಟೆ ಆಡಿಸಿ, ದೋಣಿಯೊಳಗೆ ಎಳೆದು, ಬಿಸಿ ಹಲಗೆಯ ಮೇಲೆ ಮಲಗಿಸಿ, ಫೋಟೊ ತೆಗೆಸಿಕೊಂಡು ನೀರಿಗೆ ಬಿಟ್ಟರೆ ಅದು ಕಣ್ಣಿಗೆ ಮರೆಯಾಗಬಹುದು, ಬದುಕಿದೆ ಎಂದು ಹೇಳಲಾಗದು. ಕಲ್ಲಿನ ಸಂದಿಯ ಮುರುಮೀನನ್ನು ಆಳದಿಂದ ಸರ್ರನೆ ಎಳೆದರೆ ಒಳಗಿನ ಗಾಳಿಚೀಲ ಉಬ್ಬಿ, ಬಿಟ್ಟರೂ ಕೆಳಗಿಳಿಯಲಾಗದೆ ತೇಲುತ್ತದೆ. ಮುಮ್ಮೊನೆಯ ಬದಲು ಒಂಟಿ ಗಾಳ, ಗಟ್ಟಿ ನೂಲು, ಮೀನನ್ನು ನೀರಿನಲ್ಲೇ ಇಟ್ಟು ಗಾಳ ಬಿಡಿಸುವುದು, ಇವೆಲ್ಲ ಸಾವನ್ನು ಕಡಿಮೆ ಮಾಡುವ ಕೌಶಲಗಳು. ಹೊಸಬನಿಗೆ ಇಲ್ಲದಿರುವುದು ಈ ಕೌಶಲವೇ. ಆದ್ದರಿಂದ ಹೊಸಬರ ಮಟ್ಟಿಗೆ ಹೆಚ್ಚು ಪ್ರಾಮಾಣಿಕವಾದ ನಿಯಮ ಬೇರೆ: ಬೆಳೆದ ಒಂದೆರಡು ಮೀನು ಹಿಡಿ, ಮನೆಗೆ ಒಯ್ದು ತಿನ್ನು, ಅಲ್ಲಿಗೆ ಗಾಳ ಮೇಲೆತ್ತು. ಬೆಳೆದದ್ದು ಎಂದರೆ ಎಷ್ಟು ಎಂಬುದನ್ನೂ ಹೇಳಬಹುದು. ದೊಡ್ಡ ಜಾತಿಯ ಅಂಜಲ್ ಮೊದಲ ಸಲ ಮೊಟ್ಟೆಗೆ ಬರುವುದು ಸುಮಾರು 70 ಸೆಂಟಿಮೀಟರ್ ಉದ್ದವಾದಾಗ. ಕ್ವೀನ್ಸ್‌ಲ್ಯಾಂಡ್‌ನ ಕನಿಷ್ಠ ಅಳತೆ 75 ಸೆಂಟಿಮೀಟರ್. ಪಕ್ಕದ ಕೇರಳ ಹಿಡಿಯಬಹುದಾದ ಮೀನಿನ ಕನಿಷ್ಠ ಗಾತ್ರವನ್ನು 2015ರಲ್ಲಿ 14 ಜಾತಿಗಳಿಗೆ, ಆಮೇಲೆ ಒಟ್ಟು 58 ಜಾತಿಗಳಿಗೆ ಗೊತ್ತುಪಡಿಸಿತು. ವೃತ್ತಿಯವನಿಗೇ ಅನ್ವಯಿಸುವ ಅಳತೆಗೋಲು ಹವ್ಯಾಸಿಗೆ ಭಾರವಾಗಬಾರದು.

ಮೂರನೆಯದು ಮೀನುಗಾರರ ಆಕ್ಷೇಪ: ನಮ್ಮ ಹೊಟ್ಟೆಪಾಡಿನ ಕಡಲನ್ನು ಪೇಟೆಯವರ ಮೋಜಿಗೆ ಏಕೆ ಬಿಡಬೇಕು? ಇದಕ್ಕೆ ಕಾವೇರಿ ತೀರದಲ್ಲಿ ಉತ್ತರವೂ ಇದೆ, ಎಚ್ಚರಿಕೆಯೂ ಇದೆ. ಭೀಮೇಶ್ವರಿ, ಗಾಲಿಬೋರೆಗಳ ಶಿಬಿರಗಳಲ್ಲಿ ಮಹಶೀರ್ ಹಿಡಿಯಲು ಬಂದವರಿಗೆ ದಾರಿ ತೋರಿಸಿದವರು ಆ ಹೊಳೆಯನ್ನೇ ಬಲ್ಲ ಸ್ಥಳೀಯರು; ಅವರಲ್ಲಿ ಹಿಂದೆ ಕದ್ದು ಮೀನು ಹಿಡಿಯುತ್ತಿದ್ದವರೂ ಇದ್ದರು. ಮೀನು ಸತ್ತರೆ ಅಲ್ಲ, ಇದ್ದರೆ ಸಂಬಳ ಎಂಬ ಸ್ಥಿತಿ ಅಲ್ಲಿ ಹುಟ್ಟಿತು. ಗಾಲಿಬೋರೆಯಲ್ಲಿ 1998ರಿಂದ 2012ರವರೆಗೆ ಬರೆದಿಟ್ಟ ಹಿಡಿಮೀನಿನ ದಾಖಲೆಗಳೇ ಮುಂದೆ ವಿಜ್ಞಾನಿಗಳ ಕೈಗೆ ಬಂದು, ಹೊರಗಿನಿಂದ ತಂದುಬಿಟ್ಟ ಮಹಶೀರ್ ಹೆಚ್ಚುತ್ತಾ ಕಾವೇರಿಯದೇ ಆದ ಗೂನುಬೆನ್ನಿನ ಮಹಶೀರ್ ಕುಸಿದದ್ದನ್ನು ತೋರಿಸಿದವು. ಆ ಮೀನನ್ನು 2018ರಲ್ಲಿ ತೀವ್ರ ಅಪಾಯದಲ್ಲಿರುವ ಜಾತಿಗಳ ಪಟ್ಟಿಗೆ ಸೇರಿಸಲಾಯಿತು. ಗಾಳ ಹಾಕಿದವರ ಪುಸ್ತಕ ಇಲ್ಲದಿದ್ದರೆ ಅದರ ಕುಸಿತವನ್ನು ಹೀಗೆ ವರ್ಷವಾರು ತೋರಿಸುವುದು ಕಷ್ಟವಿತ್ತು. ಎಚ್ಚರಿಕೆ ಇಷ್ಟೇ: ಸಂರಕ್ಷಿತ ಪ್ರದೇಶದೊಳಗೆ ಗಾಳವೂ ಬೇಟೆಯೇ ಎಂಬ ಕಾನೂನಿನ ಪ್ರಶ್ನೆ ಎದ್ದಾಗ ಆ ಶಿಬಿರಗಳ ಗಾಳ ನಿಂತುಹೋಯಿತು. ಸ್ಪಷ್ಟ ಕಾನೂನಿಲ್ಲದೆ ಬೆಳೆದ ಹವ್ಯಾಸ ಎಷ್ಟೇ ಒಳ್ಳೆಯದಾದರೂ ಒಂದು ದಿನ ತಟ್ಟನೆ ಮುಚ್ಚಿಹೋಗಬಹುದು.

ಹಾಗಾದರೆ ಕರಾವಳಿಗೆ ಏನು ಬೇಕು? ತೀರದಿಂದ 12 ನಾಟಿಕಲ್ ಮೈಲಿವರೆಗಿನ ಮೀನುಗಾರಿಕೆ ರಾಜ್ಯದ ಅಧಿಕಾರದಲ್ಲಿದೆ, ಹವ್ಯಾಸದ ಟ್ರೋಲಿಂಗ್ ಬಹುತೇಕ ನಡೆಯುವುದೂ ಅಷ್ಟರೊಳಗೇ. 1986ರ ಕರ್ನಾಟಕ ಕಡಲ ಮೀನುಗಾರಿಕೆ ನಿಯಂತ್ರಣ ಕಾಯ್ದೆ ದೋಣಿಗಳ ನೋಂದಣಿ, ಪರವಾನಗಿಗಳ ಸುತ್ತ, ವೃತ್ತಿ ಮೀನುಗಾರಿಕೆಯನ್ನು ಕಣ್ಣಮುಂದೆ ಇಟ್ಟುಕೊಂಡು ರೂಪುಗೊಂಡದ್ದು. ಅದರಡಿಯ ನಿಯಮಗಳಲ್ಲಿ ಹವ್ಯಾಸಿಗೊಂದು ಪುಟ ಬರೆಯಲಿ. ಅಲ್ಪ ಶುಲ್ಕದ ವಾರ್ಷಿಕ ಚೀಟಿ, ದಿನಕ್ಕೆ ಇಷ್ಟೇ ಮೀನು ಎಂಬ ಮಿತಿ, ಕನಿಷ್ಠ ಅಳತೆ, ಹಿಡಿದ ಮೀನನ್ನು ಮಾರುವಂತಿಲ್ಲ ಎಂಬ ಕಟ್ಟು, ಜೂನ್ 1ರಿಂದ ಜುಲೈ 31ರ ನಿಷೇಧದ 61 ದಿನ ಹವ್ಯಾಸದ ದೋಣಿಗೆ ಎಂಜಿನ್ ಎಷ್ಟು ಚಿಕ್ಕದಾದರೂ ರಜೆ, ಇಷ್ಟು ಸಾಕು. ದೋಣಿ ಓಡಿಸುವವನು ನೋಂದಾಯಿತ ನಾಡದೋಣಿಯ ಮೀನುಗಾರನೇ ಆಗಿರಲಿ, ಬಾಡಿಗೆ ಅವನಿಗೇ ಸೇರಲಿ. ನಾಡದೋಣಿಗೆ ಸರ್ಕಾರ ರಿಯಾಯಿತಿಯಲ್ಲಿ ಕೊಡುವ ಸೀಮೆಎಣ್ಣೆ ಮಾತ್ರ ಈ ಪ್ರಯಾಣಕ್ಕೆ ಸುರಿಯಬಾರದು; ಮೋಜಿನ ಇಂಧನದ ಬೆಲೆ ಮೋಜು ಮಾಡುವವನದು.

ಹೊಸ ಪರವಾನಗಿ ಎಂದರೆ ಹೊಸ ಲಂಚದ ಬಾಗಿಲು ಎಂದು ಹೇಳುವವರಿದ್ದಾರೆ. ಅನುಭವದ ಮಾತನ್ನು ಅಲ್ಲಗಳೆಯಲಾಗದು. ಅದಕ್ಕೇ ನಿಯಮ ಕಚೇರಿಯ ಮೇಜಿನ ಮೇಲಲ್ಲ, ದಕ್ಕೆಯಲ್ಲಿ ನಡೆಯುವಂತಿರಬೇಕು. ಮೀನುಗಾರರ ಸಹಕಾರಿ ಸಂಘಗಳು ಕರಾವಳಿಯ ಉದ್ದಕ್ಕೂ ಇವೆ. ಚೀಟಿ ಕೊಡುವ, ಮರಳಿದ ದೋಣಿಯ ಮೀನನ್ನು ಅಳೆದು ಬರೆದುಕೊಳ್ಳುವ ಕೆಲಸವನ್ನು ಅವಕ್ಕೇ ಕೊಟ್ಟು, ಶುಲ್ಕದಲ್ಲಿ ಪಾಲನ್ನೂ ಕೊಟ್ಟರೆ ಕಾಯುವ ಕಣ್ಣುಗಳು ಸಂಬಳದ ಸಿಬ್ಬಂದಿಗಿಂತ ಹೆಚ್ಚಾಗುತ್ತವೆ. ಆ ಪುಸ್ತಕ ಮೀನುಗಾರಿಕಾ ಇಲಾಖೆಗೂ ಕೇಂದ್ರೀಯ ಕಡಲ ಮೀನುಗಾರಿಕಾ ಸಂಶೋಧನಾ ಸಂಸ್ಥೆಗೂ ತಲುಪಲಿ.

ಹೊಸದಾಗಿ ರಾಡು ಕೊಂಡವರು ನಿಯಮ ಬರುವವರೆಗೆ ಕಾಯಬೇಕಿಲ್ಲ. ಊರಿನ ತಂಡೇಲನನ್ನು ಹುಡುಕಿ, ಅವನು ಬೇಡವೆಂದ ದಿನ ದಡದಲ್ಲೇ ಉಳಿಯಿರಿ. ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆ ಕೊಡುವ ಕಡಲಿನ ಮುನ್ಸೂಚನೆ ನೋಡಿಕೊಂಡು ಹೊರಡಿ, ಜೀವರಕ್ಷಕ ಜಾಕೆಟ್ ತೊಡಿ, ಕರಾವಳಿ ಕಾವಲು ಪಡೆಯ 1554 ಸಂಖ್ಯೆ ಫೋನಿನಲ್ಲಿರಲಿ. ಎರಡು ಮೀನಿಗೆ ತೃಪ್ತಿಪಟ್ಟು, ಅವುಗಳ ಜಾತಿ, ಉದ್ದ, ಹಿಡಿದ ಜಾಗ ಬರೆದಿಡಿ. ನಾಳೆ ಸರ್ಕಾರ ನಿಯಮ ಮಾಡಲು ಕೂತಾಗ ನಿಮ್ಮ ಪರವಾಗಿ ಮಾತನಾಡುವುದು ಆ ಬರಹವೇ.