ಇರುಳಿನ ತಂಗುನೆಲೆ

ಫ್ರಾನ್ಸ್ ದೇಶದಲ್ಲಿ ಮನೆಯನ್ನೇ ಮೋಟಾರಿನ ಮೇಲೆ ಹೊತ್ತು ಸಂಚರಿಸುವವರಿದ್ದಾರೆ. ಅವರು ಇರುಳು ತಂಗಲೆಂದು ಎಷ್ಟೋ ಊರುಗಳ ಪುರಸಭೆಗಳು ಬಯಲು, ಕುಡಿಯುವ ನೀರು, ಹೊಲಸು ನೀರು ಚೆಲ್ಲಲು ಮೋರಿ ಇವುಗಳನ್ನು ಒದಗಿಸಿವೆ. ಇದಕ್ಕೆ ಬೆರಗಾಗುವ ಮಿತ್ರರು ಸಂಕ್ರಾಂತಿಯ ಸುಮಾರಿಗೆ ಕೃಷ್ಣರಾಜನಗರದ ಬಳಿಯ ಚುಂಚನಕಟ್ಟೆಯ ದನಗಳ ಜಾತ್ರೆಗೆ ಹೋಗಿಬರಲಿ. ಗಾಡಿಯಲ್ಲೋ ಟೆಂಪೋದಲ್ಲೋ ಬಂದ ರೈತ ಅಲ್ಲಿಯೇ ಮೂರು ಕಲ್ಲಿಟ್ಟು ಒಲೆ ಹೂಡುತ್ತಾನೆ, ಎತ್ತುಗಳ ಮಗ್ಗುಲಲ್ಲೇ ಹುಲ್ಲು ಹಾಸಿ ಮಲಗುತ್ತಾನೆ; ನೀರಿಗೆ ಕಾವೇರಿಯಿದ್ದಾಳೆ. ಈ ವಿದ್ಯೆ ನಮಗೆ ಹೊಸದೇನಲ್ಲ. ಜಾಗ ಕೊಡುವ ಔದಾರ್ಯ ಮಾತ್ರ ಜಾತ್ರೆಯೊಡನೆ ಮುಗಿಯುತ್ತದೆ.

ಮಿಕ್ಕ ದಿನಗಳಲ್ಲಿ? ಹುಣಸೂರು, ಪಿರಿಯಾಪಟ್ಟಣಗಳ ಮೇಲೆ ಕೊಡಗಿಗೆ ಹೋಗುವ ಲಾರಿಯವನು ರಸ್ತೆಯಂಚಿನಲ್ಲೇ ಕಣ್ಣುಮುಚ್ಚುತ್ತಾನೆ. ಹೆಗ್ಗಡದೇವನಕೋಟೆಯಿಂದ ಬಾವಲಿಯ ಮೂಲಕ ಮಾನಂದವಾಡಿಗೆ ಹೋಗುವ ಕಾಡುದಾರಿಯಂತೂ 2008ರಿಂದ ಸಂಜೆ 6ರಿಂದ ಬೆಳಿಗ್ಗೆ 6ರವರೆಗೆ ಬಂದ್. ಆನೆಗಳ ಮಟ್ಟಿಗೆ ಅದು ನ್ಯಾಯವೇ, ನನ್ನ ಆಕ್ಷೇಪಣೆಯಿಲ್ಲ. ಆದರೆ ದಾರಿ ಮುಚ್ಚಿದವರು ತಡೆದು ನಿಂತವನಿಗೆ ಮಲಗುವ ಎಡೆಯನ್ನೂ ತೋರಿಸಬೇಡವೇ?

ಸರ್ಕಾರದ 2020ರ ಪ್ರವಾಸೋದ್ಯಮ ನೀತಿಯಲ್ಲಿ ಕ್ಯಾರವಾನ್ ಪ್ರವಾಸಕ್ಕೂ ಸ್ಥಾನ ದೊರೆಯಿತು. ಸಂತೋಷ. ಆದರೆ ಮೊದಲು ಲಾರಿಯವನ ನಿದ್ದೆಗೆ ಏರ್ಪಾಡಾಗಲಿ. ಕ್ಯಾರವಾನಿನವನೂ ಅಲ್ಲೇ ಪಕ್ಕದಲ್ಲಿ ನಿಂತಾನು. ಇದಕ್ಕೆ ಹೊಸ ಕಟ್ಟಡ ಬೇಡ. ಸಂತೆಯಿಲ್ಲದ ದಿನ ಬರಿದಾಗಿರುವ ಸಂತೆಮಾಳವೇ ಸಾಕು: ಒಂದು ದೀಪ, ಒಂದು ನಲ್ಲಿ, ಶುಚಿಯಾದ ಕಕ್ಕಸು, ಒಬ್ಬ ಕಾವಲುಗಾರ. ಪುರಸಭೆ ಗಾಡಿಗಿಷ್ಟೆಂದು ಸುಂಕ ವಸೂಲು ಮಾಡಲಿ. ಸಂತೆಯ ಹಿಂದಿನ ಸಂಜೆಯೇ ಮಾಳ ತೆರವಾಗಬೇಕೆಂಬ ಕಟ್ಟಳೆಯೂ ಇರಲಿ.